ಸಾಸಿವೆ ದಾಟದ ಪರದೆ

ಇವತ್ತು ಇಲ್ಲಿ ಜರ್ಮನಿಯ ಕ್ಯಾಂಪಿಂಗ್ ಜಾಗದಲ್ಲಿ ನಮ್ಮ ಕ್ಯಾರವಾನ್ ಪಕ್ಕ ನಿಲ್ಲಿಸೋಕೆ ಹೊಸ ಸೊಳ್ಳೆ ಬಲೆಯ ಟೆಂಟು ಬಿಚ್ಚಿದೆ. ಅದರ ವಾಸನೆ ಮೂಗಿಗೆ ಬಡಿದದ್ದೇ, ಚಿಕ್ಕಂದಿನ ಗದಗಿನ ಮನೆಯ ಮಾಳಿಗೆಗೆ ಹೋಗಿಬಿಟ್ಟೆ.

ಅಲ್ಲಿಗೊಂದು ಸೊಳ್ಳೆ ಪರದೆ ತರಲು ಅವ್ವ ಸೆರಗಿನ ತುದಿಗೆ ಸಾಸಿವೆ ಕಟ್ಟಿಕೊಂಡು ಹೋಗಿದ್ದಳು. ಅಂಗಡಿಯವ ತೋರಿಸಿದ ಪ್ರತಿ ಪರದೆಯ ಮೇಲೂ ಸಾಸಿವೆ ಸುರಿದು ಅಲ್ಲಾಡಿಸಿದಳು. "ಸಾಸ್ವಿ ದಾಟಿದ್ರ ಸೊಳ್ಳಿನೂ ದಾಟತೈತಿ. ಬ್ಯಾರೆ ತೋರಿಸಪಾ." ಕಾಳೆಲ್ಲ ಉರುಳಿ ಅಂಗಡಿ ತುಂಬಾ ಸಾಸಿವೆ. ಅವನ ಮುಖ ನೋಡಬೇಕಿತ್ತು!

ಮಲಗುವ ಹೊತ್ತಿಗೆ ನಮ್ಮನ್ನೆಲ್ಲ ಪರದೆಯೊಳಗೆ ತಳ್ಳಿ, ಹೊರಗಿನಿಂದಲೇ ಅಂಚನ್ನು ಗಾದಿ ಕೆಳಗೆ ಸಿಕ್ಕಿಸುತ್ತಿದ್ದಳು. ಆಮೇಲೆ ಹೊರಗೇ ಕೂತು, ಬೀಸಣಿಕೆಯಿಂದ ಕಾಲಿಗೆ ಹೊಡೆದುಕೊಳ್ಳುತ್ತಿದ್ದಳು.

"ನೀನೂ ಬಾ ಅವ್ವಾ."

"ಈಗ ತೆಗದ್ರ ಸೊಳ್ಳಿ ಒಳಗ ಬರ್ತಾವು. ಸುಮ್ನ ಮಲಕೊಳ್ರಿ."

ಅಷ್ಟು ಆರಿಸಿ ತಂದ ಪರದೆಯೊಳಗೆ ಅವಳು ಮಲಗಿದ್ದು ನಾನು ನೋಡಿಲ್ಲ.

ಇವತ್ತು ಹೆಂಡತಿ, ಮಗಳನ್ನು ಒಳಗೆ ಕೂಡಿಸಿ ಜಿಪ್ ಎಳೆದು, ಬಲೆಯ ಅಂಚಿಗೆ ಕಲ್ಲಿಡುತ್ತಾ ಹೊರಗೆ ಸುತ್ತುತ್ತಿದ್ದೆ. "ಪಾಪಾ, ಕೊಮ್ ರೈನ್!" ಒಳಗೆ ಬಾ ಅಂತ ಮಗಳು ಜರ್ಮನ್‌ನಲ್ಲಿ ಕೂಗಿದಳು.

"ಈಗ ತೆಗದ್ರ ಸೊಳ್ಳಿ ಒಳಗ ಬರ್ತಾವು," ಅಂದೆ.

ಅವಳು ಕೇಳಲಿಲ್ಲ. ಜಿಪ್ ತೆಗೆದು, ನನ್ನ ತೋಳು ಹಿಡಿದು ಒಳಗೆಳೆದುಕೊಂಡಳು. ಹಿಂದೆಯೇ ಎರಡು ಸೊಳ್ಳೆಗಳೂ ಬಂದವು.

ಬರಲಿ ಬಿಡಿ.