ಅಳಿಸಿ ಬರೆದ ನಾಲ್ಕುಗಳು

ಶ್ರೀಪ್ರಿಯಾ ಪುರಸೈವಾಕ್ಕಂನ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದು ಎರಡು ವರ್ಷವಾಯಿತು. ಊರು ತಿರುಮಕೂಡಲು ನರಸೀಪುರ. ವಯಸ್ಸು ಇಪ್ಪತ್ತೇಳು. ತೆಳ್ಳಗಿನ ಮೈ, ದೊಡ್ಡ ಕನ್ನಡಕ, ಮೆಟ್ಟಿಲು ಹತ್ತಿದರೆ ಸದ್ದೇ ಆಗುವುದಿಲ್ಲ. ಆಟೋದವನು ಗದರಿದರೆ ಕೇಳಿದಷ್ಟು ಕೊಟ್ಟು ಇಳಿದುಬಿಡುತ್ತಾಳೆ. ಇಷ್ಟು ಅಂಜುವ ಹುಡುಗಿ ಕಲಿಯುತ್ತಿರುವುದು ಮಾತ್ರ ಓದುವ ಮಕ್ಕಳ ಮನಸ್ಸು ಎಷ್ಟು ಗಟ್ಟಿ ಎಂದು ಅಳೆಯುವ ವಿದ್ಯೆ.

“ಅದನ್ನ ಅಳೆಯೋಕೆ ಪಾವು, ಸೇರು ಇದೆಯಾ ಮಾ?” ಎಂದು ಮೊದಲ ಸಲ ಕೇಳಿದಾಗ ನಗುತ್ತಾ ಒಂದು ಹಾಳೆ ತೋರಿಸಿದಳು.

“ಇದೇ ಅಜ್ಜಿ ನಮ್ಮ ಸೇರು. ಇಪ್ಪತ್ತೈದು ವಾಕ್ಯ ಇದೆ. ‘ಸೋತರೂ ಮತ್ತೆ ಶುರು ಮಾಡ್ತೀನಿ’ ಅಂತ ಒಂದು. ಅದು ಸುಳ್ಳು ಅನ್ನಿಸಿದ್ರೆ ಸೊನ್ನೆ, ಪೂರ್ತಿ ನಿಜ ಅನ್ನಿಸಿದ್ರೆ ನಾಲ್ಕು. ಎಲ್ಲಾ ಕೂಡಿದ್ರೆ ನೂರರೊಳಗೆ ಬರುತ್ತೆ. ಎಷ್ಟು ಮಕ್ಕಳಿಗೆ ಆಸರೆ ಬೇಕು ಅಂತ ಗೊತ್ತಾಗುತ್ತೆ.”

ಹಾಳೆಯಲ್ಲಿ ಹೆಸರು ಬರೆಯುವಂತಿಲ್ಲ, ಒಂದು ನಂಬರು ಮಾತ್ರ. ಹೆಸರಿಲ್ಲದಿದ್ದರೆ ಮಕ್ಕಳು ನಿಜ ಹೇಳುತ್ತಾರಂತೆ. ಯಾರದು ಎಂದು ಹುಡುಕುವುದಿಲ್ಲವೆಂದು ಅವಳು ಮಕ್ಕಳಿಗೆ ಮಾತು ಕೊಟ್ಟಿರುತ್ತಾಳೆ.

ಕಳೆದ ಆಗಸ್ಟಿನಲ್ಲಿ ಕೀಲ್ಪಾಕ್ ಕಡೆಯ ಒಂದು ಕೋಚಿಂಗ್ ಸೆಂಟರಿನಿಂದ ಐವತ್ತೆಂಟು ಹಾಳೆ ತಂದಳು. ಡಾಕ್ಟರಾಗಲು ಪರೀಕ್ಷೆಗೆ ಓದುವ ಮಕ್ಕಳು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಾನು ಸಂಖ್ಯೆ ಹೇಳುವುದು, ಅವಳು ಲ್ಯಾಪ್‌ಟಾಪಿಗೆ ಹಾಕುವುದು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅಂಕಿ ತಪ್ಪುವುದಿಲ್ಲ.

“ಪೆನ್ಸಿಲು ಕೊಟ್ಟು ವಾಕ್ಯದ ಮುಂದಿನ ಅಂಕಿಯ ಗುಂಡು ತುಂಬಿ ಅಂದ್ರೆ ಆ ಮಕ್ಕಳು ಏನು ಕೇಳಿದ್ರು ಗೊತ್ತಾ? ಮಿಸ್, ಪಾಸ್ ಮಾರ್ಕ್ ಎಷ್ಟು? ತಪ್ಪಾದ್ರೆ ಮೈನಸ್ ಉಂಟಾ?” ಎಂದು ಶ್ರೀಪ್ರಿಯಾ ನಕ್ಕಳು.

ನಲವತ್ತೇಳನೆಯ ಹಾಳೆ ಬಂತು. ನಾಲ್ಕು, ನಾಲ್ಕು, ನಾಲ್ಕು. ಮೇಲಿಂದ ಕೆಳಗೆ ಒಂದೇ ಸಾಲು.

“ನೂರಕ್ಕೆ ನೂರು! ಇದು ಯಾವ ಕಲ್ಲುಬಂಡೆ ಅಜ್ಜಿ?”

ನನಗೆ ಹಾಳೆ ಒರಟಾಗಿ ಕಂಡಿತು. ಕಿಟಕಿಯ ಹತ್ತಿರ ಹೋಗಿ ಓರೆಯಾಗಿ ಹಿಡಿದೆ. ಮೊದಲು ಬೇರೆ ಗುಂಡುಗಳನ್ನು ಒತ್ತಿ ತುಂಬಿ, ರಬ್ಬರಿನಿಂದ ಉಜ್ಜಿದ್ದರು. ಬಣ್ಣ ಹೋಗಿತ್ತು, ಗುಳಿ ಉಳಿದಿತ್ತು.

“ಪ್ರಿಯಾ, ಇದು ಮೊದಲು ನಾಲ್ಕಲ್ಲ ಮಾ. ಸೊನ್ನೆ. ಆಮೇಲೆ ಒಂದು. ಮತ್ತೆ ಸೊನ್ನೆ.”

ಒಂದೊಂದಾಗಿ ಹೇಳುತ್ತಾ ಹೋದೆ. ಇಪ್ಪತ್ತೈದರಲ್ಲಿ ಹದಿನೆಂಟು ಸೊನ್ನೆ, ಏಳು ಒಂದು. ಹತ್ತೊಂಬತ್ತನೆಯ ಸಾಲಿನಲ್ಲಿ ಉಜ್ಜಿ ಉಜ್ಜಿ ಕಾಗದವೇ ಹರಿದಿತ್ತು.

“ಅಲ್ಲೇನು ಬರೆದಿದೆ?”

ಶ್ರೀಪ್ರಿಯಾ ಹಾಳೆ ಹತ್ತಿರ ಹಿಡಿದು ಓದಿದಳು. “‘ನಾನು ಇರೋದು ಯಾರಿಗಾದ್ರೂ ಬೇಕು’ ಅಂತ.”

ನೂರರಲ್ಲಿ ಏಳು. ಈ ಮಗು ಅದನ್ನು ಪರೀಕ್ಷೆ ಎಂದುಕೊಂಡು, ನಿಜ ಬರೆದರೆ ಫೇಲಾಗುವೆನೆಂದು ಹೆದರಿ, ಎಲ್ಲಾ ತಿದ್ದಿ ಪೂರ್ತಿ ಮಾರ್ಕು ತೆಗೆದಿತ್ತು. ಹೆಣ್ಣೋ ಗಂಡೋ ಗೊತ್ತಿಲ್ಲ. ತನಗೇನಾದರೂ ಮಾಡಿಕೊಂಡರೆ?

ಶ್ರೀಪ್ರಿಯಾ ತನ್ನ ಪ್ರೊಫೆಸರ್ ಪದ್ಮನಾಭ ಅವರಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ನನಗೂ ಕೇಳಿಸುತ್ತಿತ್ತು.

“ಸೆಂಟರಿನವರಿಗೆ ಹೇಳಿಬಿಡೋಣಮ್ಮಾ.”

“ಸರ್, ಅವರು ಸ್ಟೇಜ್ ಮೇಲೆ ನಿಲ್ಲಿಸಿ ಯಾರದು ಅಂತ ಕೇಳ್ತಾರೆ. ಮಾರ್ಕ್ಸ್ ಲಿಸ್ಟನ್ನೇ ಗೋಡೆಗೆ ಅಂಟಿಸೋ ಜನ. ನಾನೇ ಕ್ಲಾಸಿಗೆ ಹೋಗಿ ಎಲ್ಲರಿಗೂ ಹೇಳ್ತೀನಿ. ಬರೋರು ಬರಲಿ.”

“ಅಳೆಯೋರೇ ಹೀಗೆ ಮಧ್ಯೆ ಬಂದ್ರೆ ಆ ಐವತ್ತೆಂಟು ಹಾಳೆಯೂ ಸಂಶೋಧನೆಯ ಲೆಕ್ಕಕ್ಕೆ ಬರಲ್ಲ, ತಿಳೀತಾ? ನಾಲ್ಕು ತಿಂಗಳ ಕೆಲಸ.”

“ಹೋಗಲಿ ಸರ್.”

ತರಕಾರಿಯವನ ಮುಂದೆ ಬಾಯಿ ಬಿಡದ ಹುಡುಗಿ ಹಾಗೆಂದಳು.

ಸೋಮವಾರ ಸೆಂಟರಿಗೆ ರಜೆ. ಆ ಒಂದು ದಿನ ಕಳೆಯುವುದು ಕಷ್ಟವಾಯಿತು. ನಮ್ಮ ರಸ್ತೆಯಲ್ಲಿ ಕೀಲ್ಪಾಕ್ ಆಸ್ಪತ್ರೆಗೆ ಆಂಬುಲೆನ್ಸುಗಳು ಓಡುತ್ತಲೇ ಇರುತ್ತವೆ. ಮೂವತ್ತು ವರ್ಷದಿಂದ ಕೇಳಿದ ಸದ್ದು. ಅವತ್ತು ಒಂದೊಂದು ಕೂಗಿಗೂ ಶ್ರೀಪ್ರಿಯಾ ಬಾಲ್ಕನಿಗೆ ಓಡಿದಳು. ನಾನು ಅಕ್ಕಿ ಆರಿಸುತ್ತಾ ಎಣಿಸಿದೆ, ಹನ್ನೊಂದು ಹೋದವು.

ಮಂಗಳವಾರ ನಾನೂ ಜೊತೆಗೆ ಹೋದೆ. ಕ್ಲಾಸು ನಾಲ್ಕನೆಯ ಮಹಡಿಯಲ್ಲಿ. ಅವಳು ಒಳಗೆ ಹೋದಳು. ನಾನು ಇನ್ನೊಂದು ಸುತ್ತು ಮೆಟ್ಟಿಲು ಹತ್ತಿ ತಾರಸಿಯ ಬಾಗಿಲು ನೋಡಿ ಬಂದೆ. ಬೀಗವಿರಲಿಲ್ಲ, ತಂತಿ ಸುತ್ತಿದ್ದರು. ವಾಚ್‌ಮನ್ನನಿಗೆ ಹೇಳಿದರೆ, “ಅಜ್ಜೀ, ಅಲ್ಲಿ ಯಾರು ಹೋಗ್ತಾರೆ?” ಎಂದು ತಮಿಳಿನಲ್ಲಿ ನಕ್ಕ. ಬೀಗ ಹಾಕುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಕ್ಲಾಸಿನಲ್ಲಿ ಶ್ರೀಪ್ರಿಯಾ ಹೇಳಿದ್ದು ಇಷ್ಟೇ: “ಒಂದು ಫಾರಂ ಓದಿ ನನಗೆ ಭಯ ಆಗಿದೆ. ಯಾರದು ಅಂತ ಹುಡುಕಲ್ಲ. ನಾಲ್ಕು ಗಂಟೆವರೆಗೂ ಪಕ್ಕದ ರೂಮಲ್ಲಿ ಕೂತಿರ್ತೀನಿ. ಯಾರು ಬೇಕಾದ್ರೂ ಬರಬಹುದು.”

ಎರಡು ಗಂಟೆಗೆ ಕೂತೆವು. ಮೂರಾಯಿತು. ಒಬ್ಬ ಹುಡುಗ ಇಣುಕಿ, “ಮಿಸ್, ಟಾಪರ್ ಯಾರು, ನಾನಾ?” ಎಂದು ಕೇಳಿ ಓಡಿದ. ಮೂರೂವರೆಯಾಯಿತು. ಶ್ರೀಪ್ರಿಯಾ ದುಪ್ಪಟ್ಟಾದ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು. “ಇವತ್ತು ಆ ಮಗು ಕ್ಲಾಸಿಗೇ ಬಂದಿಲ್ಲ ಅಂದ್ರೆ ಅಜ್ಜಿ?” ಎಂದಳು. ನಾನು ಎದ್ದು ಬಾಗಿಲನ್ನು ಇನ್ನಷ್ಟು ಅಗಲ ತೆರೆದಿಟ್ಟೆ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಳು. ಎರಡು ಜಡೆ, ಇಸ್ತ್ರಿಯ ಗೆರೆ ಕೆಡದ ಬಟ್ಟೆ. ನಾವು ಮಾತಾಡುತ್ತಿದ್ದ ಕನ್ನಡ ಅವಳಿಗೆ ತಿಳಿಯಿತು, ಉತ್ತರ ಮಾತ್ರ ತಮಿಳಿನಲ್ಲಿ. ಅವಳ ಹೆಸರು ನಾನು ಬರೆಯುವುದಿಲ್ಲ.

“ಆ ಫಾರಂ ನನ್ನದಲ್ಲ ಮಿಸ್,” ಎಂದಳು. ಹೋಗಲೂ ಇಲ್ಲ. ನಾನು ಕುರ್ಚಿಯ ಮೇಲಿದ್ದ ನನ್ನ ಚೀಲ ತೆಗೆದೆ. ಕೂತಳು. ಆಮೇಲೆ ತುಂಬ ಮೆಲ್ಲಗೆ ಕೇಳಿದಳು: “ಮಿಸ್, ಹತ್ತೊಂಬತ್ತರಲ್ಲಿ ಪೇಪರ್ ಹರಿದರೆ ಮಾರ್ಕ್ ಕಟ್ ಮಾಡ್ತೀರಾ?”

ಶ್ರೀಪ್ರಿಯಾ ಅವಳ ಎರಡೂ ಕೈ ಹಿಡಿದುಕೊಂಡಳು. “ಇದಕ್ಕೆ ಮಾರ್ಕೇ ಇಲ್ಲ ಕಣೇ. ಇಲ್ಲಿ ಯಾರೂ ಫೇಲಾಗಲ್ಲ. ಒಂದು ಕೇಳ್ತೀನಿ, ನಿಜ ಹೇಳು. ಸಾಯಬೇಕು ಅನ್ನಿಸಿದೆಯಾ?”

ಹುಡುಗಿ ತಲೆಯಾಡಿಸಿದಳು. ಹೌದು. ಯಾವತ್ತು ಎಂದೂ ಹೇಳಿದಳು. ಈ ಶುಕ್ರವಾರ, ಟೆಸ್ಟಿನ ರಿಸಲ್ಟ್ ಬರುವ ದಿನ. ಶ್ರೀಪ್ರಿಯಾ ಅವಳಿಂದ ನಂಬರು ಕೇಳಿ ತಾಯಿಗೆ ಫೋನ್ ಮಾಡಿದಳು, ನಾನು ಆಸ್ಪತ್ರೆಗೆ ಆಟೋ ಕರೆದೆ.

ತಾಯಿ ಬ್ಯಾಂಕಿನಿಂದ ನೇರವಾಗಿ ಆಸ್ಪತ್ರೆಗೆ ಬಂದರು. “ಮನೇಲಿ ನಗ್ತಾನೇ ಇರ್ತಾಳಲ್ರೀ. ಬೆಳಿಗ್ಗೆ ನನ್ನ ಟಿಫನ್ ಬಾಕ್ಸೂ ಅವಳೇ ಕಟ್ಟಿಕೊಟ್ಟಳು,” ಎಂದು ಅದನ್ನೇ ನಾಲ್ಕು ಸಲ ಹೇಳಿದರು. ಮನಸ್ಸಿನ ಡಾಕ್ಟರು ಹುಡುಗಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಲವತ್ತು ನಿಮಿಷ ನಾವು ಮೂವರೂ ಬೆಂಚಿನ ಮೇಲೆ ಆ ಬಾಗಿಲನ್ನೇ ನೋಡುತ್ತಾ ಕೂತಿದ್ದೆವು. ಕೆಲವು ವಾರ ಒಂಟಿಯಾಗಿ ಬಿಡಬೇಡಿ, ಔಷಧಿ ತಪ್ಪಿಸಬೇಡಿ, ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರು.

ಹುಡುಗಿ ಹೊರಗೆ ಬಂದು “ಅಮ್ಮಾ, ಪಸಿಕ್ಕುದು,” ಎಂದಳು, ಹಸಿವು ಎಂದು. ತಾಯಿ ಅಲ್ಲೇ ಅವಳನ್ನು ತಬ್ಬಿಕೊಂಡು ಅತ್ತರು. ಕ್ಯಾಂಟೀನಿನಲ್ಲಿ ಅವಳು ಒಂದೂವರೆ ಇಡ್ಲಿ ತಿಂದಳು.

ಮನೆಗೆ ಬಂದ ಮೇಲೆ ಶ್ರೀಪ್ರಿಯಾಗೆ ಕಾಫಿ ಕೊಟ್ಟು, “ಇನ್ನಾದರೂ ಮಲಗು ಮಾ, ಸಿಕ್ಕಳಲ್ಲ,” ಎಂದೆ.

ಅವಳು ಕಾಫಿ ಮುಟ್ಟಲಿಲ್ಲ. ಲೆಕ್ಕಕ್ಕೆ ಬಾರದ ಆ ಹಾಳೆಗಳ ಕಟ್ಟನ್ನು ಬಿಚ್ಚಿ ನನ್ನ ಮುಂದೆ ಇಟ್ಟಳು.

“ಪೆನ್ಸಿಲ್ ಅಳಿಸಿದವಳು ಸಿಕ್ಕಳು ಅಜ್ಜಿ. ಮೊದಲೇ ಯೋಚಿಸಿ, ಅಳಿಸದೆ ನಾಲ್ಕು ಹಾಕಿದವರು ಎಷ್ಟು ಜನ ಇದ್ದಾರೋ. ನಾಳೆಯೂ ಆ ರೂಮಲ್ಲಿ ಕೂರ್ತೀನಿ. ನೀವೂ ಬರ್ತೀರಾ?”