ಪರೇಲಿನಲ್ಲಿ ಕುಟ್ಟಿಸಿ ಗೋರೆಗಾಂವಿಗೆ ಒಯ್ದ ಶೇಂಗಾ ಹಿಂಡಿ

ಆಫೀಸಿನವರ ಗದ್ದಲ ಇಳಿದ ಮೇಲೆ ಸಯನ್‌ನಲ್ಲಿ ಸ್ಲೋ ಲೋಕಲ್ ರೈಲು ಹತ್ತಿದೆ. ಪರೇಲ್‌ವರೆಗೆ ಐದು ರೂಪಾಯಿ ಟಿಕೆಟು. ಚೀಲದಲ್ಲಿ ಹುರಿದ ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಇದ್ದವು. ಎಲ್ಲವೂ ಸರ್ಟಿಫಿಕೇಟ್ ಇದ್ದ ಸಾವಯವ ಮಾಲು. ಜೊತೆಗೆ ‘ಆರ್ಗಾನಿಕ್’ ಎಂದು ನಾನೇ ಅಚ್ಚು ಹಾಕಿಸಿದ ಚೀಟಿಗಳು. ಹೊಟ್ಟೆಕಿಚ್ಚಿಗೆ ಮಾತ್ರ ಚೀಲ ಬೇಕಿರಲಿಲ್ಲ.

ವರ್ಷಗಟ್ಟಲೆ ಮಾಟುಂಗಾದ ಅಂಗಡಿಯ ಮುಂದಿನ ಹಲಗೆಯ ಮೇಲೆ ನಾನು ಮಾಡುವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯೇ ಇರುತ್ತಿತ್ತು. ಈಗ ಅಲ್ಲಿ ನನ್ನ ಓರಗಿತ್ತಿ ಗಿರಿಜಕ್ಕನ ‘ಆರ್ಗಾನಿಕ್’ ಲೇಬಲ್ಲಿನ ಪೊಟ್ಟಣ ಕೂತಿದೆ, ನನ್ನದು ಫಿನಾಯಿಲ್ ಬಾಟಲಿಗಳ ಪಕ್ಕ. ಅಂಗಡಿಯವರು ಉಡುಪಿ ಕಡೆಯವರು. “ಜನ ಆರ್ಗಾನಿಕ್ ಕೇಳ್ತಾರೆ ಮಾರಾಯ್ರೆ. ನೀವೂ ಹಾಗೆ ತನ್ನಿ, ಮುಂದೆ ಇಡುವ” ಎಂದಿದ್ದರು. ತಂದೇ ತರುತ್ತೇನೆ, ಅದಕ್ಕೂ ಮೊದಲು ಗಿರಿಜಕ್ಕನ ಮುಖದೆದುರು ಹಿಡಿಯುತ್ತೇನೆ ಎಂದು ಹೊರಟಿದ್ದೆ.

ಪರೇಲಿನ ಖಾರ ಕುಟ್ಟುವ ಗಿರಣಿಯಲ್ಲಿ ಕಬ್ಬಿಣದ ಒನಕೆಗಳು ದಬದಬ ಬೀಳುತ್ತಿದ್ದವು. ಡಬ್ಬಿ ಹಿಡಿದ ಹೆಂಗಸರ ಸಾಲು, ಸಾಲಿಗೆಲ್ಲ ಸೀನು. ಶೇಂಗಾ ಎಂದೊಡನೆ ಒನಕೆಗೆ ಜಿಡ್ಡು ಮೆತ್ತುತ್ತದೆಂದು ಗಿರಣಿಯವನು ಮೂಗು ಮುರಿದ. ಹಳೆಯ ಗಿರಾಕಿಯೆಂದು ಕೊನೆಗೆ ಒಪ್ಪಿದ. ಬಿಸಿ ಹಿಂಡಿಯನ್ನು ಡಬ್ಬಿಗೆ ತುಂಬಿ, ಸೇತುವೆ ದಾಟಿ, ಪ್ರಭಾದೇವಿಯಲ್ಲಿ ಹತ್ತು ರೂಪಾಯಿ ಕೊಟ್ಟು ಗಿರಿಜಕ್ಕನ ಮನೆಯಿರುವ ಗೋರೆಗಾಂವಿನ ಗಾಡಿ ಹಿಡಿದೆ. ಹೊರಗೆ ಬಿಸಿಲು, ಒಳಗೆ ಬೆವರು. ಬಾಂದ್ರಾ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು.

“ಬಾರವಾ, ಬಿಸಲಾಗ ಬಂದಿ,” ಎಂದು ಗಿರಿಜಕ್ಕ ನೀರು ಕೊಟ್ಟಳು. ಅವಳ ಗಂಡ, ನಮ್ಮ ಭಾವನವರು, ಊಟಕ್ಕೆ ಕೂತಿದ್ದರು. ನಾನು ಡಬ್ಬಿ ತೆರೆದು ಅವರ ರೊಟ್ಟಿಯ ಬದಿಗೆ ಹಿಂಡಿ ಬಡಿಸಿದೆ.

“ಇದೂ ಆರ್ಗಾನಿಕ್ ಐತಿ, ಅಕ್ಕ. ಇನ್ನ ಮ್ಯಾಲೆ ಅಂಗಡ್ಯಾಗ ನಂದೂ ಮುಂದ.”

ಅವಳು ಚಿಟಿಕೆ ಬಾಯಿಗೆ ಹಾಕಿಕೊಂಡಳು. “ಎಲ್ಲಿ ಕುಟ್ಟಿಸಿದಿ?”

“ಪರೇಲಿನಾಗ.”

“ನಿನಗಿಂತ ಮೊದಲ ಅಲ್ಲಿ ಯಾರ ಖಾರ ಕುಟ್ಟಿದ್ರು?”

“ಯಾರದೋ ಮಾಲ್ವಣಿ ಮಸಾಲಿ.”

“ಅವರ ಮೆಣಸಿನಕಾಯಿ ನಿನ್ನ ಶೇಂಗಾದಾಗ ಬಂತಲ್ಲ, ಹುಚ್ಚಿ!” ಎಂದು ನಕ್ಕಳು. “ಮಾಲಷ್ಟ ಆದ್ರ ಸಾಲಂಗಿಲ್ಲ. ಹೊಲ, ಗಿರಣಿ, ಪ್ಯಾಕ್ ಮಾಡೋ ಜಾಗ, ಎಲ್ಲಾದಕ್ಕೂ ಸರ್ಟಿಫಿಕೇಟ್ ಬೇಕು. ಉಪ್ಪು ನೀರು ಬಿಟ್ಟು ನೂರಕ್ಕ ತೊಂಬತ್ತೈದು ಪಾಲು ಸಾವಯವ ಇರಬೇಕು. ನಾ ಕುಟ್ಟಿಸೋ ಗಿರಣ್ಯಾಗ ಬ್ಯಾರೆ ಮಾಲ ಹಾಕಾಂಗಿಲ್ಲ.”

ಅವಳ ಲೇಬಲ್ಲು ಸುಳ್ಳಾಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದೆ. ಅದು ನಿಜವೇ ಆಗಿತ್ತು. ಸುಳ್ಳು ನನ್ನ ಚೀಲದಲ್ಲಿತ್ತು.

“ಹಂಗಾದ್ರ ನಿಂದು ತಿಂದ್ರ ಮೈಗೆ ಹೆಚ್ಚು ಛಲೋ ಏನು?” ಎಂದು ಕೆಣಕಿದೆ.

“ಅದನ್ನ ಲೇಬಲ್ ಹೇಳಂಗಿಲ್ಲ. ಬೆಳಿ ಹೆಂಗ ಬೆಳದ್ರು, ಹೆಂಗ ಕಲಬೆರಕಿ ಇಲ್ದ ಬಂತು, ಅಷ್ಟ ಹೇಳ್ತೈತಿ. ಉಪ್ಪು ನಂದ್ರಾಗೂ ಅಷ್ಟ, ಜಿಡ್ಡೂ ಅಷ್ಟ.”

ಅಷ್ಟರಲ್ಲಿ ಭಾವನವರು ತಟ್ಟೆ ಮುಂದೆ ಚಾಚಿದರು. “ಗಂಗವ್ವಾ, ಇನ್ನಷ್ಟು ಹಾಕು. ಹಿಂಡಿ ಅಂದ್ರ ಇದು!”

ಗಿರಿಜಕ್ಕನ ನಗು ಅಲ್ಲಿಗೇ ನಿಂತಿತು. ಎರಡು ಚಮಚ ಹೆಚ್ಚೇ ಬಡಿಸಿದೆ.

ಮರಳುವಾಗ ರೈಲಿನ ಹೆಂಗಸರ ಬೋಗಿಯಲ್ಲಿ ಪಕ್ಕದಾಕೆ ಹಿಂಡಿಯ ಘಮಕ್ಕೆ ತಿರುಗಿದಳು. ಮಾತಾಡಿದರೆ ಬಾಗಲಕೋಟೆ ಕಡೆಯವಳು. “ಶೇಂಗಾ ಹಿಂಡಿ ಏನ್ರೀ? ಆರ್ಗಾನಿಕ್ ಇದ್ರ ಕೊಡ್ರಿ. ಸೊಸಿ ಬ್ಯಾರೆದು ಮನಿಗೆ ತರಬ್ಯಾಡ ಅಂತಾಳ.”

ಚೀಟಿ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು.

“ಇದು ಆರ್ಗಾನಿಕ್ ಅಲ್ಲರೀ,” ಎಂದೆ. “ಅದು ಬೇಕಂದ್ರ ಗೋರೆಗಾಂವ್‌ನಾಗ ನಮ್ಮ ಓರಗಿತ್ತಿ ಗಿರಿಜಕ್ಕ ಮಾಡ್ತಾಳ.”

ಆಕೆ ನಂಬರು ಕೇಳಿದಳು. ಕಡೆಯ ಅಂಕಿಗೆ ಬಂದಾಗ ನಾಲಿಗೆ ಒಂದು ಗಳಿಗೆ ತಡೆಯಿತು. ಏಳರ ಬದಲು ಎಂಟು ಅಂದರೆ ಯಾರು ನೋಡಿದ್ದಾರೆ? ಏಳು ಎಂದೇ ಹೇಳಿದೆ. ದಾದರ್‌ನಲ್ಲಿ ಇಳಿದು ಹಿಂತಿರುಗಿ ನೋಡಿದೆ. ಗಾಡಿ ಇನ್ನೂ ಕದಲಿರಲಿಲ್ಲ, ಆಕೆ ಆಗಲೇ ಫೋನು ಕಿವಿಗೆ ಹಚ್ಚಿ, “ಗಿರಿಜಕ್ಕಾರ ಏನ್ರೀ?” ಎನ್ನುತ್ತಿದ್ದಳು.