ಗೌರವ್ವನಿಗೆ ಬಿಟ್ಟುಕೊಟ್ಟ ಎಡಗೈ

ಶರಣ ಬಂಧುಗಳೇ, ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಒಂದು ಶ್ರಾವಣದಲ್ಲಿ ಹುಬ್ಬಳ್ಳಿಯ ಜನ ನನ್ನನ್ನು ಉಪ್ಪಿನಕಾಯಿ ಡಾಕ್ಟರ್ ಎಂದು ಕರೆದು ನಗುತ್ತಿದ್ದರು. ಅವರದೇನೂ ತಪ್ಪಿಲ್ಲ. ಹೃದಯರೋಗಗಳನ್ನು ಕಲಿತು ಮುಂಬಯಿಯಿಂದ ಮರಳುವಾಗ ನಾನು ರೈಲಿನಲ್ಲಿ ಒಂದು ಯಂತ್ರ ತಂದಿದ್ದೆ. ರೋಗಿಯ ಬಲಗೈಯನ್ನೂ ಎಡಗಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಬಿಟ್ಟರೆ ಅದು ಎದೆಯ ಬಡಿತವನ್ನು ಫೋಟೋದ ಗಾಜಿನ ಫಲಕದ ಮೇಲೆ ಗೆರೆಯಾಗಿ ಮೂಡಿಸುತ್ತಿತ್ತು. ನಮ್ಮ ಕಡೆಯವರ ಹೃದಯರೋಗದ ಮೇಲೆ ಸಂಶೋಧನೆ ಮಾಡಬೇಕೆಂಬ ಒಂದೇ ಹುಚ್ಚು ನನಗೆ.

ಆದರೆ ಗೆರೆ ನಡುಗುತ್ತಿತ್ತು. ರೋಗಿ ಯಾರೇ ಇರಲಿ, ಬಡಿತ ಯಾವುದು, ನಡುಕ ಯಾವುದು ತಿಳಿಯದಂತೆ ಕಲಸಿಹೋಗುತ್ತಿತ್ತು. ತಂತಿ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಕಡೆಗೆ ಕಂಪೌಂಡರನನ್ನೂ ಬೈದೆ. ಯಂತ್ರ ಎರವಲು ಕೊಟ್ಟಿದ್ದ ನನ್ನ ಗುರುಗಳು ಮುಂಬಯಿಯಿಂದ ಹೇಳಿಕಳಿಸಿದರು: ಸೋಮವಾರ ಬರುತ್ತೇನೆ, ಒಂದಾದರೂ ಚೊಕ್ಕ ಗೆರೆ ತೋರಿಸು, ಇಲ್ಲದಿದ್ದರೆ ಯಂತ್ರ ನನ್ನ ಜೊತೆ ಹಿಂದಿರುಗುತ್ತದೆ. ಯಂತ್ರ ಹೋದರೆ ಸಂಶೋಧನೆಯೂ ಹೋದಂತೆ. ಆ ಸೋಮವಾರ ಬೆಳಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತವನು ಅತ್ತುಬಿಟ್ಟೆ. "ಶಿವನೇ, ನನ್ನ ಕೈಲಾದದ್ದು ಮುಗಿಯಿತು. ಇನ್ನು ನೀನೇ ಬರೆ" ಎಂದೆ.

ಗುರುಗಳು ಬಂದು ಗೋಡೆಗೊರಗಿ ನಿಂತರು. ಮೊದಲ ರೋಗಿ, ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ಚಕ್ಕಡಿಯಲ್ಲಿ ಬಂದ ಗೌರವ್ವ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಪಾತ್ರೆಗಳನ್ನು ಕಂಡದ್ದೇ ಆಕೆಯ ಮೈಯೆಲ್ಲ ನಡುಗಿತು.

"ಡಾಕ್ಟರ್‍ರ, ಈ ಮಷೀನ ಜೀವಾನ ಎಳಕೊಂತೈತಿ ಅಂತಾರಲ್ರಿ?"

"ಹಂಗೇನಿಲ್ಲವ್ವಾ. ಬರೇ ಉಪ್ಪನೀರು. ಬಲಗೈ, ಎಡಗಾಲು ಇಳಿಬಿಟ್ರ ಆತು."

"ನಸುಕಿನ್ಯಾಗ ಊರು ಬಿಟ್ಟೇವ್ರಿ, ಪೂಜಿ ಆಗಿಲ್ಲ. ಸಾಯೂದಾದ್ರ ಪೂಜಿ ಮಾಡ್ಕೊಂಡ ಸಾಯ್ತೇನಿ. ಎಡಗೈ ನಿಮಗ ಬ್ಯಾಡಲ್ರಿ, ಅದನ್ನ ನನಗ ಬಿಡ್ರಿ."

ಗುರುಗಳು ಗಡಿಯಾರ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಶ್ರಾವಣ ಸೋಮವಾರ ಪೂಜೆ ಬೇಡವೆನ್ನಲು ನಾಲಿಗೆ ಏಳಲಿಲ್ಲ. ಆಕೆ ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟು ದೃಷ್ಟಿ ನೆಟ್ಟಳು. ಭುಜ ಇಳಿಯಿತು, ಉಸಿರು ತಗ್ಗಿತು, ಕಲ್ಲಿನ ಬಸವಣ್ಣನ ಹಾಗೆ ಕುಳಿತಳು. ನಾನು ಸದ್ದಿಲ್ಲದೆ ಬಲಗೈಯನ್ನೂ ಕಾಲನ್ನೂ ನೀರಿಗಿಳಿಸಿದೆ.

ಕತ್ತಲೆ ಕೋಣೆಯಲ್ಲಿ ಗಾಜಿನ ಫಲಕ ತೊಳೆದಾಗ ಗೆರೆ ಮೂಡಿತು. ನಡುಕವಿಲ್ಲ. ಒಂದೊಂದು ಬಡಿತವೂ ಸ್ಪಷ್ಟ, ಎಲ್ಲಿ ತಾಳ ತಪ್ಪುತ್ತಿದೆ ಎಂಬುದೂ ಸ್ಪಷ್ಟ. ಯಂತ್ರ ಕೆಟ್ಟಿರಲೇ ಇಲ್ಲ. ಹೆದರಿದ ಮೈ ನಡುಗಿ ಗೆರೆಯನ್ನು ಕೆಡಿಸುತ್ತಿತ್ತು. ಗುರುಗಳು ಫಲಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಯಂತ್ರ ಇಲ್ಲಿಯೇ ಇರಲಿ ಎಂದರು. ನನಗೆ ಕುಣಿಯಬೇಕೆನಿಸಿತು.

ರೋಗ ತಿಳಿದ ಮೇಲೆ ತಕ್ಕ ಔಷಧಿ ಸಿಕ್ಕಿತು. ದೀಪಾವಳಿಗೆ ಗೌರವ್ವ ತಾನೇ ಮೆಟ್ಟಿಲು ಹತ್ತಿ ಬಂದು ಶೇಂಗಾ ಹೋಳಿಗೆ ಕೊಟ್ಟಳು. ಅಂದಿನಿಂದ ನನ್ನಲ್ಲಿಗೆ ಬಂದವರು ಮೊದಲು ತಮ್ಮ ತಮ್ಮ ದೇವರನ್ನು ನೆನೆಯುತ್ತಾರೆ, ಕೈ ನೀರಿಗಿಳಿಯುವುದು ಆಮೇಲೆ. ಕೆಲವು ವರ್ಷಗಳ ಬಳಿಕ ಮುಂಬಯಿಯ ವೈದ್ಯರ ಸಭೆಯಲ್ಲಿ ಆ ಗೆರೆಗಳನ್ನೆಲ್ಲ ತೋರಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಷ್ಟು ನಿಶ್ಚಲವಾದ ಗೆರೆಗೆ ಯಾವ ಹೊಸ ಉಪಕರಣ ಜೋಡಿಸಿದಿರಿ ಎಂದು ಒಬ್ಬರು ಕೇಳಿದರು. ನಾನು ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಕರಡಿಗೆ ತೋರಿಸಿದೆ.

ಈಗಲೂ ಉಪ್ಪಿನಕಾಯಿ ಡಾಕ್ಟರ್ ಎಂದರೆ ಸಾಕು, ಟಾಂಗಾದವರು ನೇರ ನನ್ನ ಬಾಗಿಲಿಗೆ ತಂದು ಇಳಿಸುತ್ತಾರೆ. ಉತ್ತರವನ್ನು ಆ ಬೆಳಗ್ಗೆಯೇ ನನ್ನ ಅಂಗೈಯಲ್ಲಿಟ್ಟು, ನಾನು ಅಳುವುದನ್ನು ನೋಡುತ್ತ ಕುಳಿತಿದ್ದ ಶಿವನಿಗೆ ಶರಣು.